ವಿವೇಚನೆಯ ಹತ್ತು ಅಂಕ

ಫಲಕದ ಗಾಜಿನ ಮೇಲೆ ಬೆರಳುಗಳು, ಜಿಡ್ಡುಬೆರಳುಗಳು, ಒಂದೊಂದು ಹೆಸರಿನ ಕೆಳಗೂ ತೆವಳುತ್ತಿವೆ, ಇವರಿಗೆ ಓದಲು ಕಣ್ಣು ಸಾಲದು, ಬೆರಳೂ ಬೇಕು, ತುಟಿಯೂ ಬೇಕು, ಕಿಟಕಿಯಿಂದ ನೋಡುತ್ತ ಹಂಚಿಕೆ ಅಧಿಕಾರಿ ಮೂಗು ಮುರಿದ, ಹತ್ತಕ್ಕೆ ಪಟ್ಟಿ ಅಂಟಿಸಿದ್ದು, ಹನ್ನೊಂದಾದರೂ ಅದೇ ಗುಂಪು, ಇಲ್ಲದ ಹೆಸರು ಇನ್ನೊಂದು ಸಲ ಓದಿದರೆ ಹುಟ್ಟಿಕೊಳ್ಳುತ್ತದೆಯೇ — ಸರ್ಕಾರಿ ಮನೆ ಎಲ್ಲರಿಗೂ ಬೇಕು, ಅದೂ ನೆಲಮಹಡಿಯದೇ ಬೇಕು, ಎಲ್ಲರ ಮನೆಯಲ್ಲೂ ಮೆಟ್ಟಿಲು ಹತ್ತಲಾರದ ಮುದುಕಿಯೊಬ್ಬಳು ಇದ್ದೇ ಇರುತ್ತಾಳೆ, ಇಲ್ಲದವರು ಪಕ್ಕದ ಮನೆಯಿಂದ ಎರವಲು ತಂದು ಕೂರಿಸುತ್ತಾರೆ, ನಿಮಗೆ ಮನುಷ್ಯರನ್ನ ಕಂಡ್ರೇ ಆಗಲ್ಲ ಅನ್ನುತ್ತಾಳೆ ಹೆಂಡತಿ, ಅವಳೇನು ಕಂಡಿದ್ದಾಳೆ, ಈ ಕುರ್ಚಿಯಲ್ಲಿ ಒಂದು ವಾರ ಕೂರಲಿ. ಆದಾಯಕ್ಕೆ ಇಷ್ಟು ಅಂಕ, ತಲೆಗಳಿಗೆ ಇಷ್ಟು, ಕಾಯಿಲೆಗೆ ಇಷ್ಟು, ಕೂಡಿದರೆ ತೊಂಬತ್ತು, ಉಳಿದ ಹತ್ತು ಸಿಬ್ಬಂದಿಯ ವಿವೇಚನೆಗೆ, ಅಂದರೆ ಅವನಿಗೆ, ಮನೆ ನೋಡಿ ಬಂದು ತುಂಬುವ ಕಾಲಂ, ಪಕ್ಕದಲ್ಲಿ ಒಂದು ಸಾಲು ಕಾರಣ, ಇಪ್ಪತ್ತೆರಡು ವರ್ಷದಲ್ಲಿ ಮೇಲಿನವರು ಆ ಸಾಲನ್ನು ಒಂದು ಸಲವೂ ಓದಿಲ್ಲ, ಓದಿದರೆ ಸಹಿ ಹಾಕುವ ಕೈಗೆ ನೋವಾದೀತು. ಈ ಸಲ ನೆಲಮಹಡಿಯಲ್ಲಿ ಉಳಿದದ್ದು ಒಂದೇ ಮನೆ, ಅರವತ್ತೆಂಟಕ್ಕೆ ಬಂದು ಸಮನಾಗಿ ನಿಂತವು ಎರಡು ಕಡತ, ಒಂದು ವ್ಯಾನ್ ಓಡಿಸುವವನದು, ಮಾತೆತ್ತಿದರೆ ಬೆಣ್ಣೆ ಹಚ್ಚುವವನದು, ಸಾರ್ ನಮ್ಮ ಬದುಕು ನಿಮ್ಮ ಕೈಲಿದೆ ಸಾರ್, ಗೋಡೆ ತೇವ ನೋಡಿ ಸಾರ್ — ಬಕೆಟ್ಟಿನಿಂದ ನೀರೆರಚಿ ಆ ಬಕೆಟ್ಟನ್ನು ಬಾಗಿಲ ಹಿಂದೆಯೇ ಬಿಟ್ಟಿದ್ದ ಪೆದ್ದ, ಹಳೆಯ ತೇವ ಮುಟ್ಟಿದರೆ ಗಾರೆ ಉದುರುತ್ತದೆ, ಎರಚಿದ ನೀರು ಬೆರಳಿಗೆ ಇಳಿಯುತ್ತದೆ, ಇದೂ ತಿಳಿಯದವನಿಗೆ ಎಂಟು ಅಂಕ, ಯಾಕೆ, ನಾಟಕವಾದರೂ ಆಡಿದನಲ್ಲ, ಕಚೇರಿಯವನು ಬಂದಿದ್ದಾನೆಂದು ಕಣ್ಣಲ್ಲಿ ನೀರಾದರೂ ತಂದುಕೊಂಡನಲ್ಲ.

ಇನ್ನೊಬ್ಬಳು ಹೊಲಿಗೆಯವಳು, ಬೇಡಿಕೊಳ್ಳಲೂ ಬಾರದವಳು, ಒಂದೇ ಕೋಣೆ, ಹೊಲಿಗೆ ಯಂತ್ರ, ಗೋಡೆಗೆ ತಾಗಿ ಮಂಚ, ಮಂಚದ ಮೇಲೆ ತಾಯಿ, ಉಸಿರೆಳೆದಾಗಲೆಲ್ಲ ಎದೆಯಲ್ಲಿ ಸಿಳ್ಳೆ, ತೇವದಿಂದ ದೂರವಿಡಿ ಎಂದು ವೈದ್ಯರ ಚೀಟಿ ಕಡತದಲ್ಲೇ ಇತ್ತು, ಸರಿ, ತೇವ ತೋರಿಸಮ್ಮ ಎಂದು ಅವನು ಕಾದ, ಅವಳು ಕುರ್ಚಿ ಒರೆಸಿ ಕೊಟ್ಟಳು, ನೀರು ಕೊಟ್ಟಳು, ಗೋಡೆಯ ಮಾತೇ ಎತ್ತಲಿಲ್ಲ, ಮುದುಕಿಯೇ ಏದುಸಿರಿನ ನಡುವೆ ಹೇಳಿತು, ಮೊನ್ನೆ ಇಡೀ ದಿನ ಕೂತು ಸುಣ್ಣ ಬಳಿದ್ಲು ಸ್ವಾಮಿ, ಮನೆಗೆ ದೊಡ್ಡವರು ಬರ್ತಾರೆ, ನೋಡೋ ಹಾಗಿರ್ಲಿ ಅಂತ, ಸುಮ್ನಿರಮ್ಮ ಎಂದಳು ಮಗಳು — ತೇವ ತೋರಿಸಬೇಕಾದ ದಿನ ತೇವ ಮುಚ್ಚಿದ್ದಾಳೆ, ಇಂಥವರಿಗೆ ಯಾರು ಬುದ್ಧಿ ಹೇಳುವುದು, ಅವನು ಗೋಡೆಗೆ ಅಂಗೈ ಊರಿದ, ಅಂಗೈ ಪೂರ್ತಿ ಬೆಳ್ಳಗಾಯಿತು, ಕರ್ಚೀಫಿಗೆ ಒರೆಸಿಕೊಂಡ, ಮೊನ್ನೆ ಬಳಿದದ್ದು ಇವತ್ತಿಗೂ ಒಣಗಿಲ್ಲವೆಂದರೆ ಒಳಗೆ ನೀರು ಕುಡಿದು ಕೂತ ಗೋಡೆ, ಗೊತ್ತಾಯಿತು, ಆ ಕ್ಷಣವೇ ಗೊತ್ತಾಯಿತು, ಆದರೂ ಬರೆದ, ಗೋಡೆ ಸುಸ್ಥಿತಿಯಲ್ಲಿದೆ, ಒಂದು ಅಂಕ, ಅವಳ ಬಾಯಲ್ಲಿ ಬಾರದ ಮಾತನ್ನು ತಾನೇಕೆ ಬರೆಯಬೇಕು, ಒಂದು ಸಲ ಸಾರ್ ಎಂದು ಗೋಗರೆದಿದ್ದರೆ ಅವಳ ಗಂಟೇನು ಹೋಗುತ್ತಿತ್ತು, ಬಡತನದ ಜೊತೆಗೆ ಬಿಗುಮಾನ ಬೇರೆ, ಮುಂದಿನ ಪಟ್ಟಿ ನಾಲ್ಕು ವರ್ಷಕ್ಕೆ, ಆ ಮುದುಕಿಯ ಎದೆ ಇನ್ನು ನಾಲ್ಕು ಚಳಿಗಾಲ — ಬಾಗಿಲಲ್ಲಿ ಯಾರೋ, ಹೊಲಿಗೆಯವಳೇ, ಫಲಕದ ಮುಂದಿನಿಂದಲೇ ಬಂದಿದ್ದಾಳೆ, ಬರಲಿ, ಈಗಲಾದರೂ ಅಳಲಿ, ಕೂಗಾಡಲಿ, ಅವನು ಬೆನ್ನು ನೆಟ್ಟಗೆ ಮಾಡಿಕೊಂಡ, ಅವಳು ಚೀಲದಿಂದ ಏನೋ ತೆಗೆದು ಮೇಜಿನ ತುದಿಗಿಟ್ಟಳು. ಅವತ್ತು ನಿಮ್ಮ ಕರ್ಚೀಫು ನಮ್ಮಲ್ಲೇ ಬಿಟ್ಟು ಹೋಗಿದ್ರಿ ಸರ್, ಸುಣ್ಣ ಹಸಿ ಇದೆ ಅಂತ ನಾನು ಮೊದ್ಲೇ ಹೇಳ್ಬೇಕಿತ್ತು, ನಿಮ್ಮ ಕೈಯೆಲ್ಲ ಆಗೋಯ್ತು. ಪಟ್ಟಿ ನೋಡಿದ್ರಾ, ಅವನ ಬಾಯಿಂದ ತಾನಾಗಿ ಬಂತು, ನೋಡ್ದೆ ಸರ್ ಎಂದಳು, ಹದಿನೈದು ದಿನದೊಳಗೆ ಮೇಲ್ಮನವಿ ಹಾಕ್ಬಹುದು ಎಂದ, ಯಾಕೆ ಹೇಳುತ್ತಿದ್ದಾನೆ, ಯಾರಿಗೂ ಹೇಳಿದವನಲ್ಲ. ಬೇಡ ಸರ್, ನೀವು ಬಂದು ಮುಟ್ಟಿ ನೋಡಿದ್ದೀರಲ್ಲ, ನೋಡಿಯೇ ಬರ್ದಿರ್ತೀರಿ.

ಚುಚ್ಚಿದಳೇ, ಚುಚ್ಚಿದ್ದರೆ ಚೆನ್ನಾಗಿತ್ತು, ಮುಖದಲ್ಲಿ ಎಲ್ಲೂ ವ್ಯಂಗ್ಯವಿರಲಿಲ್ಲ, ಅವಳು ಹೋಗಿಯೂ ಆಯಿತು, ದಡ್ಡಿ, ಶುದ್ಧ ದಡ್ಡಿ, ಕಚೇರಿಯವನನ್ನು ನಂಬುವಷ್ಟು ದಡ್ಡಿ, ಮೇಜಿನ ತುದಿಯಲ್ಲಿ ನೀಲಿ ಕರ್ಚೀಫು, ಒಗೆದು ಇಸ್ತ್ರಿ ಮಾಡಿ ನಾಲ್ಕು ಮಡಿಕೆ ಹಾಕಿದ್ದು, ಅಂಚು ಬಿಟ್ಟಿದ್ದ ಕಡೆ ಹೊಲಿದೂ ಇದ್ದಾಳೆ, ಅವನು ಅಂದು ಒರೆಸಿಕೊಂಡ ಸುಣ್ಣ ಎಲ್ಲಿ, ಬಿಡಿಸಿದ, ತಿರುಗಿಸಿದ, ಬೆಳಕಿಗೆ ಹಿಡಿದ, ಒಂದು ಚುಕ್ಕೆಯೂ ಇಲ್ಲ, ಮತ್ತೆ ಮಡಿಸಿದ, ಮಡಿಕೆ ಅವಳದರ ಹಾಗೆ ಬರಲಿಲ್ಲ, ಬಿಡಿಸಿದ, ನೀಲಿ, ಬರೀ ನೀಲಿ, ಒಂದು ಚುಕ್ಕೆಯೂ ಇಲ್ಲ, ಮಡಿಸಿದ, ಬಿಡಿಸಿದ, ಒಂದು ಚುಕ್ಕೆಯೂ —