ಐದನೆಯ ಹೂವು

ಸ್ಟಾಮೆನಾ ಅಜ್ಜಿ ನನ್ನ ಕ್ಲಾಸಿನ ಬಾಗಿಲಲ್ಲಿ ಬಂದು ನಿಂತರೆ ಸಾಕು, ಮಕ್ಕಳು "ಫ ಬಂತು, ಫ ಬಂತು" ಎಂದು ಪಿಸುಗುಡುತ್ತಿದ್ದವು. ನಮ್ಮ ಲಿಪಿಯ ಫ ಅಕ್ಷರ, ಅಂದರೆ Ф, ಸೊಂಟದ ಮೇಲೆ ಎರಡೂ ಕೈ ಇಟ್ಟುಕೊಂಡು ಜಗಳಕ್ಕೆ ನಿಂತ ಹೆಂಗಸಿನ ಹಾಗೆಯೇ ಇದೆ. ಹಾಗೆ ನಿಂತು ತೋರಿಸಿ ಅದನ್ನು ಕಲಿಸಿದವಳು ನಾನು. ಅದಕ್ಕೆ ಅಜ್ಜಿಯನ್ನು ತಂದು ಅಂಟಿಸಿದ್ದು ಮಕ್ಕಳು. ನಾನು ಬೈಯಲಿಲ್ಲ. ಯಾಕೆ ಬೈಯಲಿ, ಸರಿಯಾಗಿಯೇ ಇತ್ತಲ್ಲ!

ಜನವರಿಯ ಒಂದು ಬೆಳಿಗ್ಗೆಯೂ ಅವಳು ಹಾಗೆಯೇ ನಿಂತಿದ್ದಳು. ಮೊಮ್ಮಗಳು ಲೊಜೆನಾ ಬೂಟು ಕಳಚಿ ಒಳಗೆ ಹೋದದ್ದೇ ತಡ, ನನ್ನ ಮೇಲೆ ಎಗರಿದಳು.

"ನೋಡು ಜಿವ್ಕಾ, ಬಿಡಿಸಿ ಹೇಳ್ತಿದೀನಿ. ನನ್ನ ಮೊಮ್ಮಗಳಿಗೆ ಅಕ್ಷರ ಕಲಿಸ್ಬೇಡ."

"ಇದು ಶಿಶುವಿಹಾರ ಕಣಮ್ಮಾ. ಅಕ್ಷರ ಬಿಟ್ಟು ಇನ್ನೇನು ಕಲಿಸ್ಲಿ? ಮೇಕೆ ಮೇಯ್ಸೋದಾ?"

"ಆಡ್ಸು, ಹಾಡ್ಸು, ಊಟ ಹಾಕಿ ಮಲಗ್ಸು. ಅಷ್ಟು ಮಾಡು ಸಾಕು."

"ಸೆಪ್ಟೆಂಬರಿಗೆ ಅವಳು ಒಂದನೇ ಕ್ಲಾಸಿಗೆ ಹೋಗ್ಬೇಕು. ಮರ್ತ್ಯಾ?"

"ಹೋಗಲ್ಲ. ಇನ್ನೊಂದು ವರ್ಷ ಇಲ್ಲೇ ಇರ್ತಾಳೆ. ಮಗು ಇನ್ನೂ ತಯಾರಿಲ್ಲ, ಒಂದಕ್ಷರಾನೂ ಬರಲ್ಲ ಅಂತ ನೀನು ಬರ್ಕೊಡು. ನೀನು ಬರೆದ್ರೆ ಸಾಕು, ಮೇಲಿನವರು ಒಪ್ತಾರೆ."

"ಈ ಜನ್ಮದಲ್ಲಿ ಬರ್ಕೊಡಲ್ಲ. ಹೋಗು."

ಅವಳು ಯಾಕೆ ಹೀಗೆ ಕುಣಿಯುತ್ತಿದ್ದಾಳೆ ಎನ್ನುವುದು ದಾನ್ಯೂಬ್ ದಂಡೆಯ ನಮ್ಮ ಪುಟ್ಟ ಊರಿಗೆಲ್ಲ ಗೊತ್ತಿತ್ತು, ಲೊಜೆನಾ ಒಬ್ಬಳನ್ನು ಬಿಟ್ಟು. ಅವಳ ಅಮ್ಮ ರಲಿತ್ಸಾ, ಅಂದರೆ ಸ್ಟಾಮೆನಾಳ ಒಬ್ಬಳೇ ಮಗಳು, ಸ್ಟ್ರಾಬೆರಿ ಕೀಳಲು ಸ್ಪೇನಿಗೆ ಹೋದವಳು ಹಿಂದಿನ ಬೇಸಿಗೆಯಲ್ಲಿ ಬಸ್ಸು ಮಗುಚಿ ಸತ್ತಿದ್ದಳು. ಹೆಣ ಊರಿಗೆ ಬಂತು, ಮಣ್ಣೂ ಆಯಿತು. ಆ ವಾರ ಮಗುವನ್ನು ನೆಂಟರ ಮನೆಗೆ ಸಾಗಹಾಕಿದ್ದರು. ವಾಪಸ್ಸು ಬಂದ ಮಗುವಿಗೆ ಅಜ್ಜಿ ಹೇಳಿದ್ದು ಒಂದೇ ಮಾತು: ಅಮ್ಮ ಸ್ಪೇನಿನಲ್ಲಿದ್ದಾಳೆ, ಹಣ್ಣಿನ ಕಾಲ ಮುಗಿದ ಮೇಲೆ ಬರುತ್ತಾಳೆ. ಯಾವ ದೇಶದಲ್ಲಮ್ಮಾ ಹಣ್ಣಿನ ಕಾಲ ಮುಗಿಯುವುದೇ ಇಲ್ಲ? ಮನೆಯಲ್ಲಿದ್ದ ಫೋಟೋಗಳೆಲ್ಲ ಪೆಟ್ಟಿಗೆ ಸೇರಿದವು. ಮಗಳು ಸತ್ತ ವರ್ಷದಲ್ಲಿ ಕಪ್ಪು ಬಿಟ್ಟು ನೀಲಿ ಸ್ಕಾರ್ಫ್ ಕಟ್ಟಿಕೊಂಡು ಓಡಾಡಿದ ಹೆಂಗಸು ನಮ್ಮೂರಲ್ಲಿ ಅವಳೊಬ್ಬಳೇ.

ಆದರೆ ಒಂದು ಕಡೆ ಅವಳು ಸಿಕ್ಕಿಬಿದ್ದಳು. ನಮ್ಮಲ್ಲಿ ಯಾರಾದರೂ ಸತ್ತರೆ ಕಪ್ಪು ಅಂಚಿನ ಕಾಗದದಲ್ಲಿ ಹೆಸರು, ಫೋಟೋ ಹಾಕಿಸಿ ಊರ ಗೋಡೆಗಳಿಗೆ ಅಂಟಿಸಬೇಕು. ನಲವತ್ತನೆಯ ದಿನಕ್ಕೊಮ್ಮೆ, ಆರು ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ. ಅಂಟಿಸದಿದ್ದರೆ ಸತ್ತವರಿಗೆ ಹಿಂದೆಮುಂದೆ ಯಾರೂ ಇಲ್ಲ ಎಂದಾಯಿತು. ಹೆತ್ತ ಮಗಳಿಗೆ ಅಷ್ಟು ಅನ್ಯಾಯ ಮಾಡುವುದು ಸ್ಟಾಮೆನಾಳ ಕೈಯಲ್ಲೂ ಆಗಲಿಲ್ಲ. ಅದಕ್ಕೆ ಅವಳು ಮಾಡಿದ ಉಪಾಯ ನೋಡಿ. ಫೋಟೋ ಹಾಕಿಸಲಿಲ್ಲ. ಬರೀ ಶಿಲುಬೆ, ಕೆಳಗೆ ಹೆಸರು. ಸ್ವಂತ ಗೇಟಿಗೆ ಅಂಟಿಸದೆ ಬೇಕರಿಗೆ, ಚರ್ಚಿಗೆ, ಬಸ್ ಸ್ಟಾಪಿಗೆ ಅಂಟಿಸಿದಳು. ಓದಲು ಬಾರದ ಮಗು, ಅದಕ್ಕೇನು ತಿಳಿಯುತ್ತದೆ ಎಂಬ ಧೈರ್ಯ. ದಿನಾ ಅದೇ ಬಸ್ ಸ್ಟಾಪಿನ ಮುಂದೆ ಮೊಮ್ಮಗಳ ಕೈ ಹಿಡಿದು ನನ್ನ ಕ್ಲಾಸಿಗೆ ಕರೆತರುತ್ತಿದ್ದಳು. ಈಗ ಅರ್ಥವಾಯಿತಲ್ಲ, ಅಕ್ಷರದ ಮೇಲೆ ಅವಳಿಗೆ ಯಾಕೆ ಅಷ್ಟು ಸಿಟ್ಟು ಅಂತ?

ನಾನು ಆ ಮಗುವಿಗೆ ಸುಳ್ಳು ಹೇಳಲಿಲ್ಲ. ಸತ್ಯ ಹೇಳುವುದು ಮನೆಯವರ ಕೆಲಸ, ಅದಕ್ಕೆ ನಾನು ಕೈ ಹಾಕಲಿಲ್ಲ. ಅಕ್ಷರ ಕಲಿಸುವುದು ನನ್ನ ಕೆಲಸ. ಅದನ್ನು ಬಿಡು ಎನ್ನಲು ಇವಳು ಯಾರು?

ನನ್ನ ಕ್ಲಾಸಿನಲ್ಲಿ ಯಾರೂ ಕೈಕಟ್ಟಿ ಕೂತು ಅಕ್ಷರ ಕಲಿಯುವುದಿಲ್ಲ. ಅಡುಗೆಯವಳಿಂದ ಹಿಟ್ಟು ಕಿತ್ತುಕೊಂಡು ಬರುತ್ತೇನೆ. ಮಕ್ಕಳು ಅದನ್ನು ಹೊಸೆದು, ಬಗ್ಗಿಸಿ ಅಕ್ಷರ ಮಾಡುತ್ತವೆ, ಅವಳು ಬೈದುಕೊಂಡೇ ಬೇಯಿಸಿಕೊಡುತ್ತಾಳೆ, ಮಧ್ಯಾಹ್ನ ಎಲ್ಲರೂ ಹೆಸರಿನ ಮೊದಲಕ್ಷರ ತಿನ್ನುತ್ತಾರೆ. ತಟ್ಟೆಗೆ ಉಪ್ಪು ಹರಡಿದರೆ ಅದರ ಮೇಲೆ ಬೆರಳಲ್ಲಿ ಬರೆಯಬಹುದು, ತಟ್ಟೆ ಅಲ್ಲಾಡಿಸಿದರೆ ಅಳಿಸಿಹೋಗುತ್ತದೆ, ತಪ್ಪಿದವರಿಗೆ ನಾಚಿಕೆಯಿಲ್ಲ. ದೊಡ್ಡ ಅಕ್ಷರಗಳಿಗೆ ಮಕ್ಕಳೇ ನೆಲದ ಮೇಲೆ ಮಲಗಬೇಕು. ಒಬ್ಬನ ಕಾಲು ಇನ್ನೊಬ್ಬಳ ಮೂಗಿಗೆ ತಾಗಿ ಅರ್ಧ ಅಕ್ಷರ ಅಳುತ್ತಾ ಎದ್ದುಹೋಗುವುದೂ ಉಂಟು.

ಲೊಜೆನಾ ಎಲ್ಲದರಲ್ಲೂ ಸೇರುತ್ತಿದ್ದಳು, ಆದರೆ ಕೈಗೆ ಸಿಕ್ಕುತ್ತಿರಲಿಲ್ಲ. ಉಪ್ಪಿನಲ್ಲಿ ಏನೋ ಬರೆಯುವಳು, ನಾನು ಹತ್ತಿರ ಹೋಗುವಷ್ಟರಲ್ಲಿ ತಟ್ಟೆ ಅಲ್ಲಾಡಿಸಿಬಿಡುವಳು.

"ಏನು ಬರ್ದೆ ಪುಟ್ಟಾ?"

"ಹಾವು."

"ಈ ಹಿಟ್ಟಲ್ಲಿ ಏನು ಮಾಡ್ದೆ?"

"ಹಾವು."

"ನಿನ್ನೇನೂ ಹಾವೇ, ಇವತ್ತೂ ಹಾವೇ?"

"ಇದು ಅದ್ರ ಮರಿ, ಮಿಸ್."

ಬರುವುದಿಲ್ಲವೇನೋ ಎಂದು ನಾನೂ ಅಂದುಕೊಳ್ಳುತ್ತಿದ್ದೆನೋ ಏನೋ. ಆದರೆ ಒಂದು ದಿನ ಬೊರಿಲ್ ಎಂಬ ಹುಡುಗ ರಟ್ಟಿನ ಅಕ್ಷರವೊಂದನ್ನು ತಲೆಕೆಳಗಾಗಿ ಇಟ್ಟು ಎದ್ದುಹೋದ. ಲೊಜೆನಾ ನೀರು ಕುಡಿಯಲು ಹೋಗುತ್ತಿದ್ದವಳು, ಯಾರೂ ನೋಡುತ್ತಿಲ್ಲವೆಂದು ತಿಳಿದು ಕಾಲಿನ ಹೆಬ್ಬೆರಳಿನಿಂದ ಅದನ್ನು ನೆಟ್ಟಗೆ ತಿರುಗಿಸಿ ಮುಂದೆ ಹೋದಳು. ಎಲಾ ಕಳ್ಳಿ! ಎಲ್ಲ ಬರುತ್ತದೆ ಇವಳಿಗೆ. ಅಜ್ಜಿ ಹೆದರಿಸಿಟ್ಟಿದ್ದಾಳೆ, ಬರುತ್ತದೆ ಎಂದರೆ ಚರ್ಮ ಸುಲಿಯುತ್ತೇನೆ ಎಂದಿದ್ದಾಳೆ ಅಂತ ನನಗೆ ಖಾತ್ರಿಯಾಯಿತು.

ಅತ್ತ ಸ್ಟಾಮೆನಾ ಸುಮ್ಮನೆ ಕೂತಿರಲಿಲ್ಲ. ಪುರಸಭೆಗೆ ಹೋಗಿ, ಆ ಜಿವ್ಕಾ ನನ್ನ ಮೊಮ್ಮಗಳಿಗೆ ಹಿಂಸೆ ಕೊಡುತ್ತಾಳೆ ಎಂದು ಕೂಗಾಡಿ ಬಂದಳು. ನಮ್ಮ ಮುಖ್ಯಸ್ಥೆ ಗಿನ್ಕಾ ನನ್ನನ್ನು ಕೋಣೆಗೆ ಕರೆದಳು. ಗಾಳಿ ಬೀಸಿದ ಕಡೆ ವಾಲುವ ಹೆಂಗಸು ಅದು.

"ಬರ್ಕೊಟ್ಟು ಕೈತೊಳ್ಕೊಳ್ಳೇ ಮಾರಾಯ್ತಿ. ನಿಂಗೇನು ಹೋಗೋದು?"

"ನಂಗೇನೂ ಹೋಗಲ್ಲ. ಮಗೂಗೆ ಒಂದು ವರ್ಷ ಹೋಗುತ್ತೆ. ಜೊತೆಗಾರರೆಲ್ಲ ಶಾಲೆಗೆ ಹೋದ್ಮೇಲೆ ಇವಳು ಮೂಗು ಸೋರೋ ಮಕ್ಕಳ ಜೊತೆ ಕೂತ್ಕೋಬೇಕು. ಬುದ್ಧಿ ಸಾಲ್ದು ಅಂತ ಊರವರು ಹಣೆಪಟ್ಟಿ ಹಚ್ತಾರೆ."

"ಬರುತ್ತೆ ಅಂತೀಯ. ಯಾರು ನೋಡಿದಾರೆ?"

"ನಾನು ನೋಡಿದೀನಿ. ತಲೆಕೆಳಗಾಗಿದ್ದ ಅಕ್ಷರಾನ ಕಾಲ್ಬೆರಳಲ್ಲಿ ನೆಟ್ಟಗೆ ಮಾಡಿದ್ಲು."

"ಅವಳ ಕಾಲ್ಬೆರಳು ಓದಿದ್ದನ್ನಾ? ಅದನ್ನ ಬರೆದು ಕಳಿಸ್ಲಾ ಮೇಲಕ್ಕೆ?" ಗಿನ್ಕಾ ನಕ್ಕಳು. "ನೋಡು, ಮಾರ್ಚ್ ಎಂಟಕ್ಕೆ ಎಲ್ಲ ಅಮ್ಮಂದಿರೂ ಬರ್ತಾರೆ, ಸ್ಟಾಮೆನಾನೂ ಬರ್ಲಿ. ಅವತ್ತು ಎಲ್ಲರೆದುರಿಗೆ ಮಗು ಅಕ್ಷರ ಜೋಡಿಸಿದ್ರೆ ಶಾಲೆಗೆ. ಜೋಡಿಸದಿದ್ರೆ ನೀನು ಬಾಯಿ ಮುಚ್ಕೊಂಡು ಸಹಿ ಹಾಕ್ಬೇಕು."

"ಆಗ್ಲಿ. ಹಾಕ್ತೀನಿ."

ಅಮ್ಮಂದಿರ ದಿನಕ್ಕೆ ನಾನು ಪ್ರತಿವರ್ಷ ಒಂದು ಆಟ ಕಟ್ಟುತ್ತೇನೆ. ಆ ವರ್ಷ ನೆಲಕ್ಕೆ ನೀಲಿ ಬಟ್ಟೆ ಹಾಸಿ ಅದನ್ನು ದಾನ್ಯೂಬ್ ಮಾಡಿದೆ. ಅದರ ಮೇಲೆ ರಟ್ಟಿನ ಕಲ್ಲುಗಳು, ಒಂದೊಂದು ಕಲ್ಲಿನ ಮೇಲೆ ಒಂದೊಂದು ಅಕ್ಷರ. ಮಗು ಕಲ್ಲಿಂದ ಕಲ್ಲಿಗೆ ಜಿಗಿದು ತನಗೆ ಬೇಕಾದ ಅಕ್ಷರಗಳನ್ನು ಆರಿಸಿಕೊಳ್ಳಬೇಕು, ಕಾಲು ಜಾರಿದರೆ ಒದ್ದೆ ಎಂದು ಲೆಕ್ಕ. ಆರಿಸಿದ ಅಕ್ಷರವನ್ನು ಕಾಗದದ ಹೂವಿನ ನಡುವೆ ಅಂಟಿಸಬೇಕು. ಅಮ್ಮ ಎಂದು ಬರೆಯಲು ನಮ್ಮಲ್ಲಿ ನಾಲ್ಕು ಅಕ್ಷರ, ನಾಲ್ಕು ಹೂವಾಯಿತು. ಆದರೆ ಬದುಕಿರುವವರ ಕೈಗೆ ನಾಲ್ಕು ಹೂ ಕೊಡುವವರು ಯಾರು? ನಮ್ಮಲ್ಲಿ ಸರಿಸಂಖ್ಯೆಯ ಹೂವು ಗೋರಿಗೆ, ಬೆಸಸಂಖ್ಯೆಯದು ಮನೆಗೆ. ಮಾತು ಬರುವ ಮೊದಲೇ ನಮ್ಮ ಮಕ್ಕಳಿಗೆ ಇದು ಗೊತ್ತು. ಅದಕ್ಕೇ ಹೃದಯ ಬರೆದ ಐದನೆಯ ಹೂವುಗಳನ್ನು ಒಂದು ಬುಟ್ಟಿ ತುಂಬ ಬೇರೆಯಾಗಿ ಇಟ್ಟಿದ್ದೆ.

ಲೊಜೆನಾಳನ್ನು ಹಿಂದಿನ ದಿನವೇ ಪಕ್ಕಕ್ಕೆ ಕರೆದು ಹೇಳಿದ್ದೆ, "ನೀನು ಯಾರಿಗೆ ಬೇಕಾದ್ರೂ ಮಾಡು ಪುಟ್ಟಾ. ಅಜ್ಜಿಗೆ ಮಾಡಿದ್ರೂ ಸೈ." ಅವಳು ಮಾರ್ಚ್ ಬಂತೆಂದು ನಮ್ಮಲ್ಲಿ ಎಲ್ಲರೂ ಮಣಿಕಟ್ಟಿಗೆ ಕಟ್ಟಿಕೊಳ್ಳುವ ಕೆಂಪು ಬಿಳಿ ದಾರ ತಿರುಗಿಸುತ್ತಾ ನಿಂತಿದ್ದಳು.

ಎಂಟನೆಯ ತಾರೀಕು ಅಮ್ಮಂದಿರು ಚಿಕ್ಕ ಕುರ್ಚಿಗಳಲ್ಲಿ ಮಂಡಿ ಎತ್ತಿಕೊಂಡು ಕೂತು, ಮನೆಯಿಂದ ತಂದ ಬಾನಿತ್ಸಾ ಎಂಬ ಚೀಸ್ ತಿಂಡಿಯ ಎಣ್ಣೆಯನ್ನು ಬೆರಳಿಂದ ಒರೆಸಿಕೊಳ್ಳುತ್ತಿದ್ದರು. ಸ್ಟಾಮೆನಾ ಮುಂದಿನ ಸಾಲಿನಲ್ಲಿ, ಗಿನ್ಕಾಳ ಪಕ್ಕದಲ್ಲಿ.

"ಸಹಿ ಹಾಕೋಕೆ ಪೆನ್ನು ತಂದಿದ್ಯಾ?" ಎಂದು ನನ್ನನ್ನು ಕೇಳಿದಳು.

"ಮಗೂನ ನೋಡು, ನನ್ನ ನೋಡ್ಬೇಡ," ಎಂದೆ.

ಬೊರಿಲ್ ಎರಡು ಸಲ ಹೊಳೆಗೆ ಬಿದ್ದ. ಉಳಿದವರೂ ಕಿರುಚಾಡಿಕೊಂಡು ದಾಟಿದರು. ಲೊಜೆನಾಳ ಸರದಿ ಬಂತು. ಇವತ್ತೂ ಹಾವು ಎಂದರೆ ಏನು ಗತಿ ಎಂದುಕೊಂಡೆ. ಅವಳು ಒಂದು ಕಲ್ಲಿನ ಮುಂದೆಯೂ ಯೋಚಿಸುತ್ತಾ ನಿಲ್ಲಲಿಲ್ಲ. ಜಿಗಿದಳು, ಬಗ್ಗಿದಳು, ಎತ್ತಿಕೊಂಡಳು. ಅಮ್ಮ ಎನ್ನುವುದರ ನಾಲ್ಕೂ ಅಕ್ಷರ, ಸಾಲಿಗೆ ಸರಿಯಾಗಿ. ಆಚೆ ದಡದಲ್ಲಿ ಕೂತು ನಾಲ್ಕು ಹೂವಿಗೆ ಅಂಟಿಸಿ ದಾರ ಸುತ್ತಿದಳು.

ಸ್ಟಾಮೆನಾಳ ಮುಖ ಸುಣ್ಣ ಬಳಿದ ಹಾಗಾಯಿತು. ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಗಿನ್ಕಾಳ ಕಡೆ ತಿರುಗಿ, "ಯಾರು ನೋಡಿದಾರೆ ಅಂದ್ಯಲ್ಲ, ಈಗ ನೋಡು," ಎಂದೆ.

ಲೊಜೆನಾ ಹೂ ಹಿಡಿದು ಎದ್ದು ನಿಂತಳು. ಬುಟ್ಟಿಯ ಕಡೆ ಹೋಗಲಿಲ್ಲ.

"ಐದನೇದು ಮರ್ತೆ ಪುಟ್ಟಾ," ಎಂದೆ.

"ಮರ್ತಿಲ್ಲ."

ಸ್ಟಾಮೆನಾಳಿಗೆ ಜೀವ ಬಂತು. ಕುರ್ಚಿ ಉರುಳಿಸಿ ಎದ್ದಳು. "ನೋಡಿ! ಎಲ್ರೂ ನೋಡಿ! ಐದರವರೆಗೆ ಎಣಿಸೋಕೂ ಬರಲ್ಲ ನನ್ನ ಮಗೂಗೆ. ಅಕ್ಷರ ಇವಳು ಗಿಳಿಪಾಠ ಮಾಡಿಸಿದಾಳೆ. ಅಮ್ಮನಿಗೆ ಯಾರಾದ್ರೂ ನಾಲ್ಕು ಹೂ ಕಟ್ತಾರಾ? ಬಿಡ್ತು ಅನ್ನು!" ಬುಟ್ಟಿಯಿಂದ ಒಂದು ಹೂ ಎಳೆದು ಮಗುವಿನ ಕೈಗೆ ತುರುಕಿದಳು. "ಹಿಡ್ಕೋ. ಐದಾಯ್ತು."

ಲೊಜೆನಾ ಅದನ್ನು ಕಿತ್ತು ನೆಲಕ್ಕೆ ಎಸೆದಳು.

"ಬೇಡ. ಅಮ್ಮನಿಗೆ ನಾಲ್ಕೇ."

ಬಾನಿತ್ಸಾ ಅಗಿಯುತ್ತಿದ್ದವರ ಬಾಯಿ ನಿಂತಿತು. ಯಾರೋ ಸದ್ದಿಲ್ಲದೆ ಶಿಲುಬೆ ಗುರುತು ಹಾಕಿಕೊಂಡರು.

"ಏನೇ ಮಾತಾಡ್ತಿದೀಯ? ಅಮ್ಮ ಸ್ಪೇನಲ್ಲಿದಾಳೆ ಕಣೇ," ಎಂದಳು ಸ್ಟಾಮೆನಾ.

"ಇಲ್ಲ. ಬಸ್ ಸ್ಟಾಪಲ್ಲಿದೆಯಲ್ಲ, ಕಪ್ಪು ಕಾಗದ. ಆರು ತಿಂಗಳು ಅಂತ ಬರ್ದಿದೆ. ರಲಿತ್ಸಾ ಅಂತ ಬರ್ದಿದೆ. ಕೆಳಗೆ ನಿನ್ನ ಹೆಸರಿದೆ, ನಂದೂ ಇದೆ."

"ಯಾರು ಹೇಳಿದ್ದು ನಿಂಗೆ? ಇವಳಾ? ಈ ಮಾಟಗಾತಿ ಹೇಳಿದ್ದಾ?"

"ಯಾರೂ ಹೇಳ್ಲಿಲ್ಲ. ನಾನೇ ಓದ್ದೆ. ಹಿಮ ಬಿದ್ದಿತ್ತಲ್ಲ, ಅವಾಗ್ಲೇ ಓದ್ದೆ."

ನಾನು ಮಂಡಿಯೂರಿ ಅವಳ ಮುಂದೆ ಕೂತೆ. "ಓದೋಕೆ ಬರುತ್ತೆ ಅಂತ ನಂಗೆ ಯಾಕೆ ಹೇಳ್ಲಿಲ್ಲ ಪುಟ್ಟಾ? ಅಜ್ಜಿ ಹೊಡೀತಾಳೆ ಅಂತಲಾ?"

ಎಂಥ ಪೆದ್ದು ಪ್ರಶ್ನೆ ಎನ್ನುವ ಹಾಗೆ ಲೊಜೆನಾ ನನ್ನನ್ನು ನೋಡಿದಳು.

"ಬರುತ್ತೆ ಅಂದ್ರೆ ಅಜ್ಜಿ ಅದನ್ನ ಕಿತ್ತುಹಾಕ್ತಾಳೆ. ಅಮ್ಮನ ಹೆಸರು ಬೇರೆಲ್ಲೂ ಇಲ್ಲ."

ಗಿನ್ಕಾ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತಳು. ಬೊರಿಲನ ಅಮ್ಮ ಬಿಕ್ಕಿ ಬಿಕ್ಕಿ ಅಳತೊಡಗಿದಳು. ಆದರೆ ಸ್ಟಾಮೆನಾ ಅಳಲಿಲ್ಲ. ನೇರ ನನ್ನ ಮುಂದೆ ಬಂದಳು.

"ನೀನೇ ಮಾಡಿದ್ದು ಇದು."

"ಹೌದು," ಎಂದೆ. "ನಾನೇ. ನಾಳೆ ಇನ್ನೊಬ್ಬರ ಮಗೂಗೂ ಮಾಡ್ತೀನಿ."

ಅವಳು ಕೈ ಎತ್ತಿದಳು. ನಾನು ಅಲ್ಲಾಡಲಿಲ್ಲ. ಹೊಡೆದಿದ್ದರೆ ವಾಪಸ್ಸು ಹೊಡೆಯುತ್ತಿದ್ದೆ, ಅಷ್ಟು ಸಿಟ್ಟಿತ್ತು ನನಗೆ ಅವಳ ಮೇಲೆ. ಆ ಮಗುವನ್ನು ಎರಡು ತಿಂಗಳು ಒಬ್ಬಳೇ ಆ ಕಾಗದದ ಮುಂದೆ ನಿಲ್ಲಿಸಿದ್ದಕ್ಕೆ.

ಅಷ್ಟರಲ್ಲಿ ಲೊಜೆನಾ ಅವಳ ಲಂಗ ಹಿಡಿದು ಎಳೆದಳು.

"ಅಜ್ಜಿ, ಬಾ. ಹೂ ಕೊಡೋಣ. ಎಲ್ಲಿ ಅಂತ ಅದ್ರಲ್ಲಿ ಬರ್ದಿಲ್ಲ. ನೀನೇ ತೋರ್ಸ್ಬೇಕು."

ಎತ್ತಿದ ಕೈ ಹಾಗೆಯೇ ಕೆಳಗೆ ಬಂತು. ಸ್ಟಾಮೆನಾ ಮೊಮ್ಮಗಳ ಕೈ ಹಿಡಿದು ಹೊರಟಳು. ಹೊರಗೆ ಚಳಿಯಿತ್ತು, ಮಗುವಿನ ಕೋಟು ಗೂಟದಲ್ಲೇ ಉಳಿದಿತ್ತು. ನಾನು ಅದನ್ನು ಹಿಡಿದುಕೊಂಡು ಗೇಟಿನವರೆಗೆ ಓಡಿದೆ. ಅವಳು ನನ್ನ ಮುಖ ನೋಡದೆ ಕೋಟನ್ನು ಕಸಿದುಕೊಂಡಳು, ಮಗುವಿಗೆ ತೊಡಿಸಿದಳು, ಗುಂಡಿ ಹಾಕಲು ಬಗ್ಗಿದವಳು ಬಹಳ ಹೊತ್ತು ಮೇಲೇಳಲಿಲ್ಲ. ಆಮೇಲೆ ಇಬ್ಬರೂ ಸ್ಮಶಾನದ ದಿಬ್ಬದ ಕಡೆಗೆ ನಡೆದರು.