ನಡುನೀರಿನ ಕೂಗು

ಹಿನ್ನೀರಿನ ಈಚೆ ದಡದಲ್ಲಿ ಮೋಟಾರು ದೋಣಿ ಅಂತ ಇದ್ದದ್ದು ಒಂದೇ. ಅದನ್ನು ನಡೆಸುವವಳಿಗೆ ಜನ ಚುಕ್ಕಾಣಿ ಎಂದೇ ಹೆಸರಿಟ್ಟಿದ್ದರು. ಅವಳ ಅಕ್ಕ ಇದ್ದದ್ದು ಆಚೆ ದಡದಲ್ಲಿ. ಅಕ್ಕನ ಎರಡೂ ಮೂತ್ರಪಿಂಡ ಕೈಕೊಟ್ಟು ಒಂದೂವರೆ ವರ್ಷವಾಗಿತ್ತು. ವಾರಕ್ಕೆ ಮೂರು ದಿನ ಈಚೆ ದಡದ ಆಸ್ಪತ್ರೆಗೆ ಬಂದು, ನಾಲ್ಕು ತಾಸು ಮಿಶಿನ್ನಿಗೆ ತೋಳು ಒಪ್ಪಿಸಿ ಮಲಗಿ, ರಕ್ತ ತೊಳೆಸಿಕೊಂಡು ಹೋಗಬೇಕು. ರಸ್ತೆ ಹಿಡಿದು ಸುತ್ತಿ ಬಂದರೆ ಅರ್ಧ ದಿನ, ಅದೂ ಕುಲುಕಾಟದ ದಾರಿ. ನೀರಿನ ಮೇಲೆ ಮುಕ್ಕಾಲು ತಾಸು.

ಹೀಗಿರುವಾಗ ಮೋಟಾರಿನ ಎಚ್ಚರಿಕೆಯ ಹಾರ್ನು ತಾನಾಗೇ ಕೂಗತೊಡಗಿತು.

ಮೊದಲ ಸಲ ಕೂಗಿದಾಗ ದೋಣಿ ಖಾಲಿ ಇತ್ತು. ಚುಕ್ಕಾಣಿ ಬೆಚ್ಚಿಬಿದ್ದು ಮೋಟಾರು ನಿಲ್ಲಿಸಿದಳು. ಸ್ವಲ್ಪ ಹೊತ್ತು ಬಿಟ್ಟು ಶುರು ಮಾಡಿದರೆ ಏನೂ ಆಗಿಲ್ಲವೆನ್ನುವಂತೆ ಓಡಿತು. ಎರಡನೆಯ ಸಲವೂ ಹಾಗೇ. ಮೂರನೆಯ ಸಲ ಕೂಗಿದ್ದು ನಿನ್ನೆ, ಅಕ್ಕ ಹಲಗೆಯ ಮೇಲೆ ಹೊದ್ದು ಮಲಗಿದ್ದಾಗ, ಎರಡು ದಡವೂ ಗೆರೆಯಷ್ಟೇ ಕಾಣುವ ನಟ್ಟನಡುವೆ. ಮೋಟಾರು ನಿಲ್ಲಿಸಿದ ಮೇಲೆ ನೀರು ಹಲಗೆಗೆ ತಪ್ಪತಪ್ಪ ಬಡಿಯುವ ಸದ್ದು ಬಿಟ್ಟು ಇನ್ನೇನೂ ಇರಲಿಲ್ಲ. ಗಾಳಿ ಅವರನ್ನು ಎತ್ತಲೋ ಒಯ್ಯುತ್ತಿತ್ತು. ಅಕ್ಕನ ಊದಿದ ಕಾಲು ನೋಡುತ್ತ ಚುಕ್ಕಾಣಿ ಹುಟ್ಟು ಹಾಕಿದಳು. ಆಸ್ಪತ್ರೆ ಸೇರುವಾಗ ಒಂದು ತಾಸು ತಡವಾಗಿತ್ತು.

ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಗಂಡ ತನ್ನ ತೀರ್ಪು ಹೇಳಿದ. ಅವನು ಬಲೆ ಹೆಣೆಯುವವನು, ಯಾವ ತೊಂದರೆಯನ್ನೂ ಕತ್ತರಿಯಿಂದಲೋ ಗಂಟಿನಿಂದಲೋ ತೀರಿಸಬಹುದೆಂದು ನಂಬಿದವನು.

"ಆ ಹಾರ್ನಿನ ತಂತಿ ಕಿತ್ತು ಬಿಸಾಕೇ. ಮುದಿ ಮೋಟಾರು, ಸುಮ್‌ಸುಮ್ನೆ ಗೊಣಗತ್ತೆ. ಪಕ್ಕದಿಂದ ನೀರು ಚಿಮ್ತಾ ಇದೆ ತಾನೆ? ನೀರು ಬರ್ತಿದ್ರೆ ಮೋಟಾರು ತಣ್ಣಗಿದೆ ಅಂತಲೇ."

ಅದೂ ಸರಿಯೇ ಎನಿಸಿತು. ಮೋಟಾರಿನ ಬೆನ್ನಿನಲ್ಲಿ ಒಂದು ಸಣ್ಣ ತೂತು. ಒಳಗೆ ಸುತ್ತಾಡಿದ ನೀರಿನ ಒಂದು ಎಳೆ ಅಲ್ಲಿಂದ ಹೊರಗೆ ಬೀಳುತ್ತದೆ. ಪ್ರತಿ ಸಲ ದಡ ಬಿಡುವಾಗ ಅವಳು ಅದನ್ನು ನೋಡಿಯೇ ಹೊರಡುವುದು. ನಿನ್ನೆಯೂ ನೋಡಿದ್ದಳು, ಚೆನ್ನಾಗಿತ್ತು.

ಆದರೆ ದೋಣಿ ತೇಲುತ್ತಿದ್ದಾಗ ಅಕ್ಕ ಹೊದಿಕೆಯೊಳಗಿಂದ ಹೇಳಿದ್ದ ಮಾತು ಅವಳ ಕಿವಿಯಲ್ಲೇ ಇತ್ತು. "ಅಲ್ಲಿ ನನ್ನ ಮಿಶಿನ್ನೂ ಹೀಗೇ ಕೂಗತ್ತೆ ಕಣೇ. ಕೂಗಿದ್ರೆ ಸಿಸ್ಟರ್ ಕೈಲಿದ್ದದ್ದು ಬಿಟ್ಟು ಓಡಿ ಬರ್ತಾಳೆ. ಒಂದು ದಿನವೂ ಅದರ ಬಾಯಿ ಮುಚ್ಚಿಸಿಲ್ಲ."

ಅಕ್ಕನನ್ನು ಮತ್ತೆ ಕರೆತರಬೇಕಾದದ್ದು ನಾಳೆ ಬೆಳಿಗ್ಗೆ. ತಂತಿ ಕೀಳುವ ಮೊದಲು ಪಂಪಜ್ಜನನ್ನು ಕೇಳೋಣವೆಂದು ಚುಕ್ಕಾಣಿ ಇವತ್ತು ಬೆಳಗಾಗುತ್ತಲೇ ಹೊರಟಳು.

ಪಂಪಜ್ಜ ನೀರು ಸರಬರಾಜಿನ ಪಂಪ್‌ಹೌಸಿನಲ್ಲಿ ಮೂವತ್ತೆಂಟು ವರ್ಷ ದುಡಿದು ನಿವೃತ್ತನಾದವನು. ಮಾತು ಕಡಿಮೆ, ಅವಸರ ಇನ್ನೂ ಕಡಿಮೆ. ಬಂದವನು ಮೋಟಾರಿನ ಟೋಪಿಯನ್ನೂ, ಅದರ ಮೇಲ್ಮುಚ್ಚಳವನ್ನೂ, ತೆಗೆಯದೆ ದೋಣಿಯ ಅಂಚಿನಲ್ಲಿ ಕೂತು ಕೇಳಿದ:

"ಕೂಗು ಒಂದೇ ಎಳೆಯೋ, ತುಂಡುತುಂಡೋ?"

"ಒಂದೇ ಎಳೆ ಅಜ್ಜ. ನಿಲ್ಲಿಸೋವರೆಗೂ ಉಸಿರು ತಗೊಳ್ಳಲ್ಲ."

"ಹಾಗಾದ್ರೆ ಎಣ್ಣೆ ಕಡಿಮೆಯಾದ ಕೂಗಲ್ಲ, ಬಿಸಿ ಏರಿದ ಕೂಗು. ದಡದ ಹತ್ತಿರ ಕೂಗಿದೆಯಾ?"

"ಇಲ್ಲ. ಯಾವಾಗ್ಲೂ ನಡುನೀರಲ್ಲಿ, ಜೋರಾಗಿ ಬಿಟ್ಟಾಗ."

"ನಿಂತು ಹೊರಟ್ರೆ?"

"ಸುಮ್ಮನಾಗತ್ತೆ. ಆಮೇಲೆ ಮತ್ತೆ ಶುರು."

ಅಜ್ಜ ತಲೆಯಾಡಿಸಿದ. ಆಮೇಲೂ ಎಣ್ಣೆಯ ಡಬ್ಬಿ ಎತ್ತಿ ನೋಡಿಯೇ ನೋಡಿದ, ತುಂಬಿತ್ತು. ಮೋಟಾರನ್ನು ನೀರಿನ ಪೀಪಾಯಿಗೆ ಇಳಿಸಿ ನಿಧಾನಕ್ಕೆ ಓಡಿಸಿದ. ತೂತಿನಿಂದ ನೀರು ದಪ್ಪಗೆ ಸುರಿಯಿತು. ಹಾರ್ನು ತೆಪ್ಪಗಿತ್ತು.

"ನೋಡಿದ್ಯಾ?" ಎಂದ ಬಲೆಗಾರ ಗಂಡ, ಗೆದ್ದವನಂತೆ. "ಡಾಕ್ಟರ ಎದುರು ಜ್ವರ ಬಿಟ್ಟು ಹೋಯ್ತು!"

"ಇದಕ್ಕೆ ಜ್ವರ ಇದೆಯೋ, ಇದು ಸುಳ್ಳು ಹೇಳ್ತಿದೆಯೋ, ಮೊದಲು ಅದು ತಿಳೀಬೇಕು," ಎಂದ ಪಂಪಜ್ಜ. "ಮಗಳೇ, ಒಲೆ ಹಚ್ಚು. ಬ್ಯಾಟರಿ ಒಳಗೆ ತಗೊಂಡ್ ಬಾರಯ್ಯ."

ಅಡುಗೆಮನೆಯ ಕಟ್ಟೆಯ ಮೇಲೆ ಅಂಥ ಸಾಮಾನು ಹಿಂದೆಂದೂ ಕೂತಿರಲಿಲ್ಲ. ಉಪ್ಪಿನ ಡಬ್ಬಿಯ ಪಕ್ಕ ಬ್ಯಾಟರಿ, ಅದರ ಪಕ್ಕ ಗೋಲಿಯಷ್ಟು ಗಾತ್ರದ ಕಪ್ಪು ಹಾರ್ನು, ಹಾರ್ನಿನಿಂದ ಎಳೆದ ತಂತಿಯ ತುದಿಯಲ್ಲಿ ಬಿಸಿ ಗುರುತಿಸುವ ಕಿರುಬೆರಳಿನಷ್ಟು ಸೆನ್ಸರು. ಇನ್ನೊಂದು ಸಣ್ಣ ಭಾಗವನ್ನು ಅಜ್ಜ ಮೋಟಾರಿನ ನೆತ್ತಿಯ ಮುಚ್ಚಳ ಬಿಚ್ಚಿ ತೆಗೆದಿದ್ದ. ಹಿತ್ತಾಳೆಯ ಬಿಲ್ಲೆ, ನಡುವೆ ಒಂದು ಗಿಡ್ಡ ಕಡ್ಡಿ, ಸುತ್ತ ಸ್ಪ್ರಿಂಗು. ಬಳಸಿ ಬಳಸಿ ಬಣ್ಣಗೆಟ್ಟ ಹಳೆಯ ಗುಂಡಿಯಂತೆ ಇತ್ತು.

"ಇದು ಥರ್ಮೋಸ್ಟಾಟು. ಮೋಟಾರಿನೊಳಗಿನ ಬಾಗಿಲು ಅಂತ ತಿಳ್ಕೊ."

ಸೆನ್ಸರು, ಥರ್ಮೋಸ್ಟಾಟು ಎರಡಕ್ಕೂ ದಾರ ಕಟ್ಟಿ ಹಾಲು ಕಾಯಿಸುವ ಪಾತ್ರೆಯ ನೀರಿನಲ್ಲಿ ಇಳಿಬಿಟ್ಟ. ಜೇಬಿನಿಂದ ಬಟ್ಟೆ ಸುತ್ತಿದ ಉಷ್ಣಮಾಪಕ ತೆಗೆದು ಅದನ್ನೂ ಅದ್ದಿದ. ಮೂವರೂ ಪಾತ್ರೆಯ ಮೇಲೆ ಬಾಗಿದರು.

ಬಹಳ ಹೊತ್ತು ಏನೂ ಆಗಲಿಲ್ಲ. ಪಾತ್ರೆಯ ತಳದಿಂದ ಸಣ್ಣ ಗುಳ್ಳೆಗಳು ಎದ್ದು ಹಿತ್ತಾಳೆಗೆ ಅಂಟಿಕೊಂಡವು. ಬಲೆಗಾರ ಆಕಳಿಸಿದ. ಅಷ್ಟರಲ್ಲಿ ಚುಕ್ಕಾಣಿ ಅವನ ಮೊಣಕೈ ಹಿಡಿದಳು.

ಬಿಲ್ಲೆ ತೆರೆದುಕೊಳ್ಳುತ್ತಿತ್ತು.

ಯಾರೂ ಮುಟ್ಟಿರಲಿಲ್ಲ. ಅಂಚಿನಲ್ಲಿ ಮೊದಲು ಕೂದಲೆಳೆಯಷ್ಟು ಕಪ್ಪು ಗೆರೆ, ಆಮೇಲೆ ಉಗುರು ತೂರುವಷ್ಟು ಸಂದು. ನಿದ್ದೆಯಲ್ಲಿರುವ ಮಗು ಬಾಯಿ ತೆರೆಯುವಂತೆ ಸದ್ದಿಲ್ಲದೆ ತೆರೆಯಿತು.

"ಅಜ್ಜ, ಇದಕ್ಕೆ ತಂತಿ ಇಲ್ವಲ್ಲ?"

"ಇಲ್ಲ."

"ಮತ್ತೆ ಯಾರು ತೆರೆದ್ರು?"

"ಒಳಗೆ ಮೇಣ ಇದೆ. ಬಿಸಿಗೆ ಉಬ್ಬತ್ತೆ, ಕಡ್ಡಿ ತಳ್ಳತ್ತೆ, ಬಾಗಿಲು ತೆರೆದು ಬಿಸಿನೀರು ಹೊರಗೆ ಹೋಗತ್ತೆ. ತಣ್ಣಗಾದ್ರೆ ಸ್ಪ್ರಿಂಗು ಮುಚ್ಚತ್ತೆ. ಅಷ್ಟೇ."

"ಮೇಣವಾ? ದೀಪದ ಮೇಣ?"

"ಅದರ ದಾಯಾದಿ."

ಇಪ್ಪತ್ತಾರು ವರ್ಷದ ಮೋಟಾರು. ಮೊದಲು ಮಾವ ನಡೆಸಿದ, ಆಮೇಲೆ ಒಂಬತ್ತು ವರ್ಷದಿಂದ ಅವಳು. ಅಷ್ಟೂ ಕಾಲ, ಅವಳು ಗಾಳಿಗೆ ಮುಖವೊಡ್ಡಿ ಕೂತು ಬೇರೇನೋ ಯೋಚಿಸುತ್ತಿದ್ದಾಗಲೆಲ್ಲ, ಒಳಗೆ ಒಂದು ಚಿಟಿಕೆ ಮೇಣ ಕತ್ತಲಲ್ಲಿ ಬಾಗಿಲು ತೆರೆದು ಮುಚ್ಚಿ ಮಾಡುತ್ತಿತ್ತು. ಯಾರಿಗೂ ಹೇಳಿಕೊಳ್ಳದೆ. ಅವಳು ಪಾತ್ರೆಯ ಮೇಲೆ ಇನ್ನಷ್ಟು ಬಾಗಿದಳು.

"ಮದುವೆ ದಿನ ನನ್ನ ಮುಖಾನೂ ಹೀಗೆ ನೋಡಿರ್ಲಿಲ್ಲ ಇವಳು," ಎಂದ ಬಲೆಗಾರ.

"ನೀವು ಇಷ್ಟು ಚೆನ್ನಾಗಿ ಬಾಯಿ ತೆರೆದಿರ್ಲಿಲ್ಲ," ಎಂದಳು ಕಣ್ಣು ಕೀಳದೆ.

ನೀರು ಇನ್ನೂ ಕಾಯಿತು. ಆವಿ ಮುಖಕ್ಕೆ ಹೊಡೆಯಿತು. ಕುದಿ ಬರಲು ಇನ್ನೇನು ಎನ್ನುವಾಗ, ಒಮ್ಮೆಲೇ ಹಾರ್ನು ಕಿರುಚಿತು. ಮೇಲಿನ ಹಲಗೆಯಲ್ಲಿದ್ದ ತಟ್ಟೆಗಳು ಝಣಝಣ ಅಂದವು. ಬಲೆಗಾರ ಎರಡು ಹೆಜ್ಜೆ ಹಿಂದೆ ಹಾರಿದ. ಪಂಪಜ್ಜ ಉಷ್ಣಮಾಪಕ ಎತ್ತಿ ಕಣ್ಣಿಗೆ ಹಿಡಿದು ನೋಡಿ, ಸೆನ್ಸರನ್ನು ಹೊರಗೆ ತೆಗೆದು ಊದಿದ. ಒಂದೆರಡು ನಿಮಿಷಕ್ಕೆ ಕೂಗು ತಟ್ಟನೆ ನಿಂತಿತು.

"ಸೆನ್ಸರು ಸರಿ. ಬಾಗಿಲೂ ಸರಿ. ಹಾರ್ನು ಸುಳ್ಳು ಹೇಳಿಲ್ಲ," ಎಂದ. "ಬಾಗಿಲು ತೆರೆದು ಎಷ್ಟು ಹೊತ್ತಾದ ಮೇಲೆ ಕೂಗಿತು, ನೋಡಿದೆಯಾ ಮಗಳೇ? ಅಲ್ಲೀವರೆಗೂ ಅದು ತಾಳ್ಕೊಳತ್ತೆ. ಇನ್ನು ಆಗಲ್ಲ ಅಂದಾಗ ಮಾತ್ರ ಕೂಗತ್ತೆ. ನೀನು ತಂತಿ ಕಿತ್ತಿದ್ರೆ ನಡುನೀರಲ್ಲಿ ಪಿಸ್ಟನ್ ಕಚ್ಕೊಂಡು ನಿಂತುಬಿಡ್ತಿತ್ತು. ಆಮೇಲೆ ಯಾರು ತಳ್ಳಿದ್ರೂ ಏಳಲ್ಲ."

ಬಲೆಗಾರ ಬ್ಯಾಟರಿಯ ಕಡೆ ನೋಡುತ್ತ ಕತ್ತು ಕೆರೆದುಕೊಂಡ.

ಚುಕ್ಕಾಣಿ ಅಜ್ಜನನ್ನು ಬೇಡಿಕೊಂಡು ಥರ್ಮೋಸ್ಟಾಟನ್ನು ಇನ್ನೊಂದು ಸಲ ತಣ್ಣೀರಿಗೆ, ಮತ್ತೆ ಬಿಸಿನೀರಿಗೆ ಹಾಕಿಸಿದಳು. ಮುಚ್ಚಿತು, ತೆರೆಯಿತು.

ಬಿಸಿ ನಿಜವಾದರೆ ನೀರು ಸಾಲುತ್ತಿಲ್ಲ. ದಡದಲ್ಲಿ ಸಾಲುವ ನೀರು ನಡುವೆ ಯಾಕೆ ಸಾಲುವುದಿಲ್ಲ? ಅದನ್ನು ನಡುವಿಗೇ ಹೋಗಿ ಕೇಳಬೇಕು ಎಂದ ಪಂಪಜ್ಜ. ಎಲ್ಲವನ್ನೂ ಮೊದಲಿನಂತೆ ಜೋಡಿಸಿ ಮಧ್ಯಾಹ್ನ ಮೂರರ ಬಿಸಿಲಿನಲ್ಲಿ ಹೊರಟರು. ಅಕ್ಕ ಮಲಗುವ ಹಲಗೆಯ ಮೇಲೆ ಅಕ್ಕನಷ್ಟೇ ಭಾರ ಇರಬೇಕೆಂದು ಅಜ್ಜ ಹಟ ಹಿಡಿದ. ತೆಳ್ಳನೆಯ ಬಲೆಗಾರನನ್ನು ಮಲಗಿಸಿ, ಸಾಲದ ಭಾರಕ್ಕೆ ಪಕ್ಕದಲ್ಲಿ ಒಂದು ಬಲೆಯ ಮೂಟೆ ಇಟ್ಟರು.

"ಹೊದಿಸ್ಬೇಡಿ, ಬೆವರ್ತೀನಿ," ಎಂದ ಅವನು.

ಇಪ್ಪತ್ತು ನಿಮಿಷ ಮೋಟಾರು ಸುಖವಾಗಿ ಹಾಡಿತು. ಚುಕ್ಕಾಣಿ ವೇಗ ಹೆಚ್ಚಿಸಿದಳು. ಪಂಪಜ್ಜ ಹಿಂದಕ್ಕೆ ತಿರುಗಿ ನೀರಿನ ಎಳೆಯನ್ನೇ ನೋಡುತ್ತಿದ್ದ. ಅವಳೂ ಮೊದಲ ಬಾರಿಗೆ, ಓಟದ ನಡುವೆ, ಅದನ್ನು ನೋಡಿದಳು. ಹುರಿಯಷ್ಟಿದ್ದ ನೀರು ದಾರವಾಯಿತು. ದಾರ ಹನಿಹನಿಯಾಯಿತು. ಇಷ್ಟು ವರ್ಷ ಅವಳು ಅದನ್ನು ನೋಡುತ್ತಿದ್ದದ್ದು ಹೊರಡುವಾಗ ಮಾತ್ರ! ಹಾರ್ನು ಒಂದೇ ಎಳೆಯಲ್ಲಿ ಕೂಗಿತು. ಈ ಸಲ ಅವಳು ಬೆಚ್ಚಲಿಲ್ಲ. ನಿಲ್ಲಿಸಿದಳು.

"ಈಗಲೇ ಎತ್ತು, ಅದು ಮರೆಯೋದಕ್ಕೆ ಮೊದಲು," ಎಂದ ಅಜ್ಜ.

ಮೋಟಾರನ್ನು ನೀರಿನಿಂದ ಎತ್ತಿ ಬಾಗಿಸಿದರು. ಟೋಪಿ ತೆಗೆದು ಅಜ್ಜ ಬೆರಳಿನಿಂದ ಒಂದು ಹನಿ ಚಿಮುಕಿಸಿದ. ಕಬ್ಬಿಣದ ಮೇಲೆ ಹನಿ ನೋಡನೋಡುತ್ತ ಮಾಯವಾಯಿತು. ಆಮೇಲೆ ಅವನು ದೋಣಿಯ ಹಿಂಬದಿಯಲ್ಲಿ ಬೋರಲು ಮಲಗಿ, ಕೆಳಗೆ ಮೋಟಾರು ನೀರು ಹೀರುವ ಜಾಲರಿಯ ಮೇಲೆ ಬೆರಳಾಡಿಸಿದ. ಸೀಳುಗಳ ಒಳಗೆ ಹಸಿರು ಪಾಚಿ, ಅಂಟಿನಂತೆ ನುಣ್ಣಗೆ. ಅದು ಆಗಲೇ ಸಡಿಲಾಗಿ ತೊಟ್ಟಿಕ್ಕುತ್ತಿತ್ತು.

"ಪಾಚಿ ಇಷ್ಟು ಅಗಲದ ಸೀಳಲ್ಲಿ ನಿಲ್ಲಬಾರದು. ಒಳಗೆ ಏನೋ ಹಿಡಿದಿದೆ."

ಜಾಲರಿಯ ಎರಡು ಸ್ಕ್ರೂ ಬಿಚ್ಚಿ ತೆಗೆದ. ಅದರ ಬೆನ್ನಿಗೆ ಕಣ್ಣಿಗೇ ಕಾಣದಷ್ಟು ತೆಳುವಾದ ನೈಲಾನ್ ಬಲೆಯ ತುಂಡು, ನಾಲ್ಕು ಮೂಲೆಗೂ ಬಿಗಿದಿತ್ತು. ಚುಕ್ಕಾಣಿ ಅದನ್ನು ಬಿಸಿಲಿಗೆ ಹಿಡಿದಳು. ಗಂಟುಗಳು ಗಸಗಸೆಯಷ್ಟು. ಪ್ರತಿ ಗಂಟಿನ ಬಾಲವನ್ನೂ ಎಡಕ್ಕೇ ಮಡಿಸಿ ಸುಟ್ಟು ಅಂಟಿಸಿತ್ತು. ಹಾಗೆ ಮಾಡುವ ಕೈ ಈ ನೀರಿನ ಸುತ್ತ ಒಂದೇ ಇತ್ತು.

ಅವಳು ಹಲಗೆಯ ಕಡೆ ತಿರುಗಿದಳು. ಗಂಡ ಎದ್ದು ಕೂತಿದ್ದ.

"ಹೋದ ಚಳಿಗಾಲ, ಒಳಗೆ ನೀರೆಳೆಯೋ ರಬ್ಬರ್ ಚಕ್ರ ಬದಲಾಯಿಸಿದಾಗ ಕಟ್ಟಿದೆ," ಎಂದ, ಯಾರನ್ನೂ ನೋಡದೆ. "ಆವತ್ತು ಕಸ ಸಿಕ್ಕಿ ಮೋಟಾರು ನಿಂತು ನೀನು ಅಕ್ಕನ್ನ ಹುಟ್ಟು ಹಾಕ್ಕೊಂಡು ತಂದ್ಯಲ್ಲ. ಅಂಗೈ ತುಂಬ ಬೊಬ್ಬೆ. ಬಲೆ ಹೆಣೆಯೋನಾಗಿ ನಾನು ಅಷ್ಟೂ ಮಾಡದಿದ್ರೆ ಹೇಗೆ ಅಂತ... ಕಸ ಹಿಡೀಲಿ ಅಂತ ಕಟ್ಟಿದೆ."

"ಹಿಡಿದಿದೆ," ಎಂದ ಪಂಪಜ್ಜ. "ತುಂಬಾ ಚೆನ್ನಾಗೇ ಹಿಡಿದಿದೆ. ಈಗ ಬಿಸಿಲಿಗೆ ನೀರಲ್ಲಿ ಪಾಚಿ ಹೆಚ್ಚಿದೆ, ಜೋರಾಗಿ ಎಳೆದಾಗ ಅದು ಬಂದು ಇದರ ಮೇಲೆ ಚಾಪೆ ಹಾಸತ್ತೆ. ನಿಲ್ಲಿಸಿದ್ರೆ ಉದುರತ್ತೆ. ಕಳ್ಳ ಸಿಗೋದಾದ್ರೂ ಹೇಗೆ?" ಅವನು ಆ ತುಂಡನ್ನು ಇಸಿದುಕೊಂಡು ಬಹಳ ಹೊತ್ತು ತಿರುಗಿಸಿ ನೋಡಿದ. "ಒಂದು ಗಂಟೂ ಜಾರಿಲ್ಲವಲ್ಲಯ್ಯ! ಅಷ್ಟು ನೀರಿನ ರಭಸಕ್ಕೆ!"

ಬೈಯಬೇಕೆಂದು ತೆರೆದ ಬಾಯನ್ನು ಚುಕ್ಕಾಣಿ ಮುಚ್ಚಿಕೊಂಡಳು. "ಹೇಳಬಹುದಿತ್ತಲ್ರೀ," ಎಂದಷ್ಟೇ ಅಂದಳು.

"ಹೇಳೋವಷ್ಟು ದೊಡ್ಡ ಕೆಲಸ ಅನ್ನಿಸ್ಲಿಲ್ಲ."

ಬರಿಯ ಜಾಲರಿ ಹಾಕಿ ಅದೇ ದಾರಿಯಲ್ಲಿ ಎರಡು ಸಲ ಪೂರ್ತಿ ವೇಗದಲ್ಲಿ ಓಡಿಸಿದರು. ನೀರಿನ ಎಳೆ ತೆಳುವಾಗಲಿಲ್ಲ. ಹಾರ್ನು ಕೂಗಲಿಲ್ಲ.

ಮರುದಿನ ಬೆಳಿಗ್ಗೆ ಅಕ್ಕನನ್ನು ಹಲಗೆಯ ಮೇಲೆ ಕೂರಿಸಿ ಚುಕ್ಕಾಣಿ ಕೀಲಿ ತಿರುಗಿಸಿದಾಗ ಹಾರ್ನು ಯಾವಾಗಲೂ ಮಾಡುವಂತೆ ಒಂದು ಸಲ ಚಿಕ್ಕದಾಗಿ ಕೂಗಿ ಸುಮ್ಮನಾಯಿತು. ತಾನು ಎಚ್ಚರವಿದ್ದೇನೆ ಎಂದು ತಿಳಿಸುವುದಕ್ಕೆ ಅದು ಹಾಗೆ ಮಾಡುತ್ತದೆಂದು ಅಜ್ಜ ಹಿಂದಿನ ದಿನ ಹೇಳಿದ್ದ. ಒಂಬತ್ತು ವರ್ಷ ಅವಳು ಅದನ್ನು ಕೀಲಿಯ ಸದ್ದೆಂದೇ ಎಣಿಸಿದ್ದಳು.

ನಟ್ಟನಡುವೆ ಬಂದಾಗ ಅಕ್ಕ ಮಲಗಿರಲಿಲ್ಲ. ಕೂಗಿಗಾಗಿ ಕಾಯುತ್ತ ಹಲಗೆಯ ಅಂಚು ಬಿಗಿಯಾಗಿ ಹಿಡಿದಿದ್ದಳು. ಎರಡು ದಡವೂ ಗೆರೆಯಾದವು. ಆಮೇಲೆ ಈಚೆಯ ಗೆರೆ ಮರವಾಯಿತು, ಮನೆಯಾಯಿತು. ಅಕ್ಕನ ಬೆರಳು ಸಡಿಲಾದವು. ಅವಳು ಹಿಂದಕ್ಕೆ ಸರಿದು ಬಂದು ಮೋಟಾರಿನ ಬೆನ್ನಿನಿಂದ ಬೀಳುವ ನೀರಿಗೆ ಕೈಚಾಚಿದಳು. ತೋಳಿನಲ್ಲಿ ಸೂಜಿ ಚುಚ್ಚಿ ಚುಚ್ಚಿ ಗಂಟುಗಟ್ಟಿದ ನರ ಬಿಸಿಲಿಗೆ ಹೊಳೆಯಿತು.

"ಬೆಚ್ಚಗಿದೆಯಲ್ಲೇ!" ಎಂದಳು.

"ಒಳಗೆಲ್ಲ ಸುತ್ತಾಡಿ ಬಂದಿರೋದು ಅಕ್ಕ."

ಅಕ್ಕ ಬಹಳ ಹೊತ್ತು ಕೈ ತೆಗೆಯಲಿಲ್ಲ. "ಆಸ್ಪತ್ರೇಲಿ ನನ್ನ ರಕ್ತ ಹೋಗಿ ಬರೋ ಪೈಪು ಮುಟ್ಟಿದ್ರೂ ಹೀಗೇ ಇರತ್ತೆ," ಎಂದಳು. "ನಂದೇ ಬಿಸಿ, ನನ್ನ ಹೊರಗೆ."

ಚುಕ್ಕಾಣಿಗೆ ಮೇಣದ ವಿಷಯ ಹೇಳಬೇಕೆನಿಸಿತು. ಎಲ್ಲಿಂದ ಶುರು ಮಾಡುವುದೆಂದು ತಿಳಿಯದೆ, ಎಡಗೈಯನ್ನು ಅವಳೂ ಆ ನೀರಿಗೆ ಒಡ್ಡಿದಳು. ದಡದಲ್ಲಿ ಬಲೆಗಾರ ಹಗ್ಗ ಹಿಡಿಯಲು ಮೊಣಕಾಲುದ್ದ ನೀರಿಗೆ ಇಳಿದು ನಿಂತಿದ್ದ. ಹಾರ್ನು ಕೂಗೀತೇನೋ ಎಂದು ಕಿವಿಗೆ ಕೈ ಆನಿಸಿಕೊಂಡಿದ್ದ.