ಮನೆಯ ಲೆಕ್ಕದಲ್ಲಿ ಇನ್ನೊಬ್ಬಳು

"ನಿಮ್ಮ ಅಮ್ಮನ ಮನೇಲಿ ಎಷ್ಟು ಜನ ಅಂತ ಕೇಳಿದ್ರು. ಒಬ್ಬರೇ ಅಂದೆ. ಅಲ್ಲ, ಇಬ್ಬರು ಅಂದ್ರು," ಎಂದಳು ಲೀರಾ. ವೀಸಾದ ಸಂದರ್ಶನ ಮುಗಿಸಿ, ಮನಿಲಾದ ಅಮೆರಿಕನ್ ದೂತಾವಾಸದ ಎದುರಿನ ಕಾಲುದಾರಿಯಲ್ಲಿ ಅವಳು ನಿಂತಿದ್ದಳು. ಫೋನಿನ ಪರದೆಯಲ್ಲಿ ಅವಳ ಮುಖದ ಹಿಂದೆ ಬೆಳಗಿನ ಜೀಪುಗಳು ಒಂದರ ಹಿಂದೊಂದು ಹಾದುಹೋಗುತ್ತಿದ್ದವು. "ಇನ್ನೊಬ್ಬಳು ಯಾರಮ್ಮಾ?"

ಕ್ಯಾಲಿಫೋರ್ನಿಯಾದ ವೃದ್ಧಾಶ್ರಮವೊಂದರ ಅಡುಗೆಮನೆಯಲ್ಲಿ ಮುದುಕರ ಸಂಜೆಯ ಗಂಜಿಗೆ ಕೈಯಾಡಿಸುತ್ತಿದ್ದ ಫೆಲಿಸಾ ಸೌಟನ್ನು ಹಿಡಿದಂತೆಯೇ ನಿಂತಳು. ಅವಳು ವಾಸವಾಗಿದ್ದುದು ಅದೇ ಕಟ್ಟಡದ ಗ್ಯಾರೇಜಿಗೆ ಒರಗಿದ ಕೋಣೆಯಲ್ಲಿ. ಅಲ್ಲಿಗೆ ಹಾಸಿಗೆಯೊಂದು ಬಂದ ಮೇಲೆ ಬಾಗಿಲೂ ಪೂರ್ತಿ ತೆರೆಯುತ್ತಿರಲಿಲ್ಲ. ಆದರೂ ಆ ಇನ್ನೊಬ್ಬಳು ಯಾರೆಂದು ಹೊಳೆಯಲು ಬಹಳ ಹೊತ್ತು ಹಿಡಿಯಲಿಲ್ಲ.

ಜೋನಾ, ಮಿಲಾಳ ಮಗಳು. ಲೀರಾಳ ಜ್ಞಾನಸ್ನಾನದ ದಿನ ಮಗುವನ್ನು ಎತ್ತಿಕೊಂಡು ಜ್ಞಾನತಾಯಿಯಾಗಿ ನಿಂತವಳು ಮಿಲಾ. ಅಂದಿನಿಂದ ಇಬ್ಬರು ಹೆಂಗಸರೂ ಒಬ್ಬರಿಗೊಬ್ಬರು 'ಮಾರೆ'. ಅದು ಒಡಹುಟ್ಟಿಗಿಂತ ಬಿಗಿಯಾದ ನಂಟು. ಒಬ್ಬಳು ಕೇಳಿದರೆ ಇನ್ನೊಬ್ಬಳು ಇಲ್ಲವೆನ್ನುವಂತಿಲ್ಲ. ಮಿಲಾ ತನ್ನ ಮಗಳನ್ನು ಅಮೆರಿಕಕ್ಕೆ ಕರೆಸಿಕೊಳ್ಳುವಾಗ ಅವಳ ವರಮಾನ ಸಾಲದೆ ಮತ್ತೊಬ್ಬರ ಜಾಮೀನು ಬೇಕಾಯಿತು. ಚರ್ಚಿನ ಹೊರಗೆ, ಕಾರುಗಳ ನಡುವೆ, ಮಿಲಾ ಅತ್ತಳು. ಫೆಲಿಸಾ ಕಾಗದವನ್ನು ಯಾರದೋ ಕಾರಿನ ಮೂತಿಯ ಮೇಲಿಟ್ಟು, ಓದದೆ ಸಹಿ ಹಾಕಿದಳು. ಅಳುತ್ತಿರುವ ಮಾರೆಯೆದುರು ಕಾಗದ ಓದುತ್ತಾ ನಿಲ್ಲುವುದು ಅವಳ ಮುಖಕ್ಕೆ ಉಗುಳಿದಂತೆ ಎಂಬುದು ಅವರ ಕಡೆಯ ಯಾರಿಗಾದರೂ ಗೊತ್ತು.

ಹಾಗೆ ಬಂದವರು ಆ ದೇಶದ ಪ್ರಜೆಯಾಗುವವರೆಗೆ, ಇಲ್ಲವೇ ಬಹುಕಾಲ ದುಡಿದು ತೆರಿಗೆ ಕಟ್ಟುವವರೆಗೆ, ಜಾಮೀನು ನಿಂತವರ ಮನೆಯ ತಲೆಗಳ ಲೆಕ್ಕದಲ್ಲೇ ಉಳಿಯುತ್ತಾರೆ. ಜೋನಾ ಬಂದ ಮರುವರ್ಷವೇ ದಂತವೈದ್ಯನೊಬ್ಬನನ್ನು ಮದುವೆಯಾದಳು. ದುಡಿಯುವ ಅಗತ್ಯ ಬೀಳಲಿಲ್ಲ, ಪ್ರಜೆಯಾಗುವ ಅವಸರವೂ ಹುಟ್ಟಲಿಲ್ಲ. ಗುಡ್ಡದ ಮೇಲಿನ ಮನೆಯಲ್ಲಿ, ಕಡಲು ಕಾಣುವ ಕಿಟಕಿಗಳ ಹಿಂದೆ ಇದ್ದುಕೊಂಡೇ ಅವಳು ಫೆಲಿಸಾಳ ಕೋಣೆಯಲ್ಲಿಯೂ ಇದ್ದಳು. ಫೆಲಿಸಾಳ ಸಂಬಳ ಅವಳಿಗೂ ಮಗಳಿಗೂ ಸಾಕಾಗುತ್ತಿತ್ತು. ಮೂರನೆಯ ತಲೆಗೆ ಸಾಲಲಿಲ್ಲ.

ಇನ್ನೊಬ್ಬ ಜಾಮೀನುದಾರರನ್ನು ತಂದರೆ ನೋಡೋಣ ಎಂದು ಅಧಿಕಾರಿ ಹೇಳಿದ್ದನಂತೆ. ಫೆಲಿಸಾ ಜೋನಾಳ ವಿಷಯ ಹೇಳಿದ ಮೇಲೂ ಲೀರಾಳ ದನಿಯಲ್ಲಿ ಸಿಟ್ಟಿರಲಿಲ್ಲ. ಆರು ವರ್ಷದವಳಿದ್ದಾಗ ತಾಯಿ ಬಿಟ್ಟುಹೋದಂದಿನಿಂದ ಅವಳು ಕಲಿತದ್ದು ಕಾಯುವುದನ್ನು. ಮದುವೆಯಾದರೆ ತಾಯಿಯ ಬಳಿಗೆ ಹೋಗುವ ವೀಸಾದ ಸರದಿಯಲ್ಲಿನ ಜಾಗ ತಪ್ಪುತ್ತದೆಂದು ಮದುವೆಯೂ ಆಗಿರಲಿಲ್ಲ. ಹಡಗುಕಟ್ಟೆಯಲ್ಲಿ ಟಿಕೆಟು ಕೊಡುವ ರೊದೆಲ್ ಅವಳ ಜೊತೆಗೆ ತಾನೂ ಕಾಯುತ್ತಿದ್ದ.

"ಜೋನಾನ ಕೇಳು. ಆಗಲ್ಲ ಅಂದ್ರೆ ನಂಗೆ ನೆಟ್ಟಗೆ ಹೇಳ್ಬಿಡಮ್ಮ," ಎಂದಳು. "ಹೊಸ ವರ್ಷಕ್ಕೆ ಮದುವೆ ಆಗೋಣ, ಇಲ್ಲಾಂದ್ರೆ ನನ್ನ ಬಿಟ್ಬಿಡು ಅಂತಿದಾನೆ ರೊದೆಲ್. ಅವನದೇನು ತಪ್ಪು? ನಂಗೂ ಮೂವತ್ತನಾಲ್ಕಾಯ್ತು."

ಆ ಭಾನುವಾರ ಜೋನಾಳ ಹಿರಿಮಗನ ಹುಟ್ಟುಹಬ್ಬ. ಫೆಲಿಸಾ ಶಾವಿಗೆ ಮಾಡಿಕೊಂಡು ಎರಡು ಬಸ್ಸು ಬದಲಿಸಿ ಹೋದಳು. ಹಿತ್ತಿಲಲ್ಲಿ ಇಡಿಯ ಹಂದಿ ಸುಟ್ಟಿದ್ದರು. ಗಂಡಸರು ಮೈಕು ಹಿಡಿದು ಸರದಿಯ ಮೇಲೆ ಹಾಡುತ್ತಿದ್ದರು. ಮಿಲಾ ಪಾತ್ರೆಯ ಮುಚ್ಚಳ ತೆಗೆದು ಮೂಸಿ, ಮಾರೆಯ ಶಾವಿಗೆ ತಿನ್ನದಿದ್ದರೆ ಹುಡುಗನ ಆಯುಸ್ಸು ಬೆಳೆಯುವುದಾದರೂ ಹೇಗೆಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಜೋನಾ ಬಂದವರಿಗೆಲ್ಲ ಫೆಲಿಸಾಳನ್ನು ತನ್ನ ಎರಡನೆಯ ತಾಯಿ ಎಂದು ಪರಿಚಯಿಸಿದಳು. ಆಮೇಲೆ ಎರಡನೆಯ ತಾಯಿ ಸಿಂಕಿನೆದುರು ನಿಂತು ತಟ್ಟೆ ತೊಳೆದಳು. ಯಾರೂ ಹೇಳಿರಲಿಲ್ಲ, ಯಾರೂ ಬೇಡವೆನ್ನಲೂ ಇಲ್ಲ.

ಜೋನಾ ಐಸು ತೆಗೆಯಲು ಒಳಗೆ ಬಂದಾಗ ಫೆಲಿಸಾ ಕೈ ಒರೆಸಿಕೊಂಡು ವಿಷಯ ಹೇಳಿದಳು. ಮಿಲಾ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು.

"ಟೀಟಾ," ಎಂದಳು ಜೋನಾ. ಚಿಕ್ಕಂದಿನಿಂದಲೂ ಅವಳು ಫೆಲಿಸಾಳನ್ನು ಕರೆಯುತ್ತಿದ್ದುದು ಹಾಗೆಯೇ, ಚಿಕ್ಕಮ್ಮ ಎಂಬ ಅರ್ಥದಲ್ಲಿ. "ಆ ಕಾಗದದಲ್ಲಿ ಏನಿದೆ ಗೊತ್ತಾ ನಿಮಗೆ? ಬಂದೋಳು ನಾಳೆ ಕೈಲಾಗದೆ ಸರ್ಕಾರದ ದುಡ್ಡು ತಿಂದ್ರೆ ವಸೂಲಿಗೆ ನಮ್ಮ ಬಾಗಿಲಿಗೆ ಬರ್ತಾರೆ."

"ಗೊತ್ತು ಮಗಳೇ. ನಿನಗೆ ನಾನು ಹಾಕಿದ್ನಲ್ಲ."

"ಆಗ ನಿಮಗೆ ಗೊತ್ತಿರಲಿಲ್ಲ, ಟೀಟಾ. ಅದಕ್ಕೇ ಹಾಕಿದ್ರಿ. ನಂಗೆ ಗೊತ್ತಿದೆ."

ಮಾತಿನಲ್ಲಿ ವಿಷವೇನೂ ಇರಲಿಲ್ಲ. ಮಗುವಿಗೆ ಕೂಡುವ ಲೆಕ್ಕ ಹೇಳಿಕೊಡುವ ತಾಳ್ಮೆಯಿತ್ತು. ಹಾಗಾದರೆ ನೀನು ಪ್ರಜೆಯಾದರೂ ಆಗಿಬಿಡು, ನನ್ನ ಲೆಕ್ಕದಿಂದ ಇಳಿಯುತ್ತೀಯ ಎಂದು ಫೆಲಿಸಾ ಕೇಳಿಕೊಂಡಳು. ಜೋನಾ ನಕ್ಕಳು. ಅದಕ್ಕೆ ಪರೀಕ್ಷೆ, ಓದು. ಚಿಕ್ಕವನು ಶಾಲೆಗೆ ಹೋಗಲಿ, ಆಮೇಲೆ ನೋಡೋಣ ಎಂದು ಐಸಿನ ಬಟ್ಟಲು ಎತ್ತಿಕೊಂಡು ಹೊರಟಳು.

ಫೆಲಿಸಾ ಮಿಲಾಳ ಕಡೆ ನೋಡಿದಳು.

"ಹುಟ್ಟುಹಬ್ಬದ ದಿನ ಇದನ್ನೆಲ್ಲ ಯಾಕೆ ತೆಗೆದೆ, ಮಾರೆ," ಎಂದಳು ಮಿಲಾ. "ಕೊಟ್ಟಿದ್ದನ್ನ ವಾಪಸ್ ಕೇಳಕ್ಕೆ ಬಂದ ಹಾಗಾಯ್ತು. ಲೀರಾ ನನಗೂ ಮಗಳೇ ಅಲ್ವಾ? ದಿನಾ ಅವಳ ಹೆಸರು ಹೇಳಿ ಮೇಣದಬತ್ತಿ ಹಚ್ತೀನಿ."

ಹೊರಡುವಾಗ ಜೋನಾ ಹಂದಿಯ ಮಾಂಸವನ್ನು ಬೆಳ್ಳಿಕಾಗದದಲ್ಲಿ ಸುತ್ತಿ, ಗರಿಗರಿಯಾದ ಚರ್ಮದ ಭಾಗವನ್ನೇ ಆರಿಸಿ ಹಾಕಿದ್ದೇನೆಂದು ಹೇಳಿ ಕೊಟ್ಟಳು. ಗುಡ್ಡದ ಕೆಳಗಿನ ಬಸ್ಸು ನಿಲ್ದಾಣದವರೆಗೂ ಅದರ ಬಿಸಿ ಫೆಲಿಸಾಳ ಹೊಟ್ಟೆಗೆ ತಾಗುತ್ತಿತ್ತು. ಕಡಲಿನಿಂದ ಮಂಜು ಮೇಲೇರಿ ಮನೆಗಳನ್ನು ಒಂದೊಂದಾಗಿ ಅಳಿಸುತ್ತಿತ್ತು. ಅವಳು ಬೆಂಚಿನ ಮೇಲೆ ಕೂತು ಫೋನು ತೆಗೆದಳು. ಅಲ್ಲಿ ಬೆಳಗಾಗಿತ್ತು.

"ಏನಂದ್ಲು?" ಎಂದು ಕೇಳಿದಳು ಲೀರಾ. ತಲೆ ಬಾಚಿಕೊಂಡಿರಲಿಲ್ಲ. ಬೈತಲೆಯ ಬಳಿ ನರೆತ ಎಳೆಗಳಿದ್ದವು. ಫೆಲಿಸಾ ಅವನ್ನು ಈವರೆಗೆ ಗಮನಿಸಿರಲಿಲ್ಲ.

ಇಲ್ಲವೆಂಬ ಮಾತು ನಾಲಗೆಯವರೆಗೆ ಬಂದಿತ್ತು. ಅದು ಹೊರಬಿದ್ದರೆ ಮಗಳು ಹೊಸ ವರ್ಷಕ್ಕೆ ಹೆಂಡತಿಯಾಗುತ್ತಾಳೆ, ಅಲ್ಲಿಯವಳಾಗಿಬಿಡುತ್ತಾಳೆ, ಇಲ್ಲಿಗೆ ಎಂದೆಂದೂ ಬರುವುದಿಲ್ಲ.

"ಒಪ್ಪಿದಾಳೆ," ಎಂದಳು ಫೆಲಿಸಾ.

"ದಿಟವಾ?"

"ಗಂಡನ ಕಾಗದಗಳನ್ನೆಲ್ಲ ಸೇರಿಸ್ಬೇಕಂತೆ. ಸ್ವಲ್ಪ ಹಿಡಿಯುತ್ತೆ. ಇನ್ನೊಂದು ವರ್ಷ ಅಂದ್ಕೋ. ಮದುವೆ ಗಿದುವೆ ಅಂತ ಈಗ ಕೆಡಿಸ್ಕೋಬೇಡ."

ಲೀರಾ ಬಾಯಿಗೆ ಕೈ ಅಡ್ಡ ಹಿಡಿದಳು. ಆಮೇಲೆ ಪಕ್ಕಕ್ಕೆ ತಿರುಗಿ ಯಾರಿಗೋ ಮೆಲ್ಲಗೆ ಹೇಳಿದಳು; ಪರದೆ ಓಲಾಡಿ, ಮೆಟ್ಟಿಲ ಮೇಲೆ ಕಾಫಿಯ ಲೋಟ ಹಿಡಿದು ಕೂತಿದ್ದ ರೊದೆಲ್ ಕಾಣಿಸಿದ. ಕೆಲಸದ ಅಂಗಿ ತೊಟ್ಟಿದ್ದ. ಅವನು ಲೋಟವನ್ನು ಪಕ್ಕಕ್ಕಿಟ್ಟು, ಅಂಗಿಯ ತೋಳಿನ ಗುಂಡಿಯನ್ನು ಹಾಕಿಕೊಂಡ, ಮತ್ತೆ ಬಿಚ್ಚಿದ, ಮತ್ತೆ ಹಾಕಿಕೊಂಡ. ಕೊನೆಗೆ ತಲೆಯೆತ್ತಿ, ಹಿರಿಯರಿಗೆ ತೋರುವ ಮರ್ಯಾದೆಯಲ್ಲಿ ಸ್ವಲ್ಪ ಬಾಗಿ, ಫೆಲಿಸಾಳತ್ತ ಕೈ ಬೀಸಿದ.

ಫೆಲಿಸಾ ಕೂಡ ಕೈ ಎತ್ತಿದಳು. ಅವಳು ತನ್ನನ್ನೇ ಕರೆಯುತ್ತಿದ್ದಾಳೆಂದು ತಿಳಿದು ಬಸ್ಸು ಬಂದು ನಿಂತಿತು. ಬಾಗಿಲು ತೆರೆದುಕೊಂಡು, ಕೊಂಚ ಕಾದು, ಮುಚ್ಚಿಕೊಂಡು ಮಂಜಿನೊಳಗೆ ಹೊರಟುಹೋಯಿತು.